ಹಳೇ ವ್ಯೂ-ಮಾಸ್ಟರ್ ಡಬ್ಬದಲ್ಲಿರುವ ಜಾಗಗಳಿಗೆ ಈಗ ಯಾರೂ ಹೋಗಲ್ವಾ?

ಅಟ್ಟದಡಬ್ಬ:

ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಒಂದು ತಗಡಿನ ಡಬ್ಬ ಸಿಕ್ಕಿತು. ಒಳಗೆ ಕಪ್ಪನೆಯ ಹಳೇ ವ್ಯೂ-ಮಾಸ್ಟರ್ ಮತ್ತು ಹತ್ತು ಹನ್ನೆರಡು ರೀಲುಗಳು. ನೋಡಿರದವರಿಗೆ ಹೇಳುವುದಾದರೆ, ಅದು ದುರ್ಬೀನಿನ ಥರ ಕಣ್ಣಿಗೆ ಹಿಡಿದು ನೋಡುವ ಸಾಧನ. ದುಂಡನೆಯ ರಟ್ಟಿನ ತಟ್ಟೆಯಲ್ಲಿ 14 ಪುಟಾಣಿ ಫಿಲಂ ತುಂಡುಗಳು ಇರುತ್ತವೆ. ಒಂದೊಂದು ಚಿತ್ರಕ್ಕೆ ಎರಡು, ಎಡಗಣ್ಣಿಗೊಂದು ಬಲಗಣ್ಣಿಗೊಂದು, ಒಟ್ಟು 7 ಚಿತ್ರ. ಪಕ್ಕದ ಸನ್ನೆ ಒತ್ತಿದರೆ ಟಕ್ ಅಂತ ಮುಂದಿನದು ಬರುತ್ತದೆ. ಇದು ಮಕ್ಕಳ ಕಾರ್ಟೂನ್ ಆಟಿಕೆ ಅಂದುಕೊಂಡಿದ್ದೆ. ಆಮೇಲೆ ಓದಿದರೆ, 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಮಾರಾಟಕ್ಕೆ ಬಂದದ್ದಂತೆ. ಶುರುವಿನಲ್ಲಿ ಜಾಸ್ತಿ ಇದ್ದದ್ದು ಪ್ರವಾಸಿ ತಾಣಗಳ ರೀಲುಗಳೇ, ಕಾರ್ಟೂನ್ ಹೆಚ್ಚಾದದ್ದು ಆಮೇಲೆ.

ಈಗ ನನ್ನ ತಲೆನೋವು ಏನಂದ್ರೆ, ಈ ಡಬ್ಬದ ಹೆಸರುಗಳಲ್ಲಿ ಅರ್ಧದಷ್ಟನ್ನು ನಾನು ಕೇಳಿಯೇ ಇಲ್ಲ. ನಯಾಗರ ಗೊತ್ತು. ಅಕಾಪುಲ್ಕೊ ಅಂತ ಒಂದಿದೆ, ಬಂಡೆಯ ತುದಿಯಿಂದ ಒಬ್ಬ ಸಮುದ್ರಕ್ಕೆ ಹಾರುತ್ತಿದ್ದಾನೆ, ಕೈ ಎರಡೂ ಚಾಚಿ. ಆದರೆ ಸಿಲ್ವರ್ ಸ್ಪ್ರಿಂಗ್ಸ್? ಸೈಪ್ರೆಸ್ ಗಾರ್ಡನ್ಸ್? ಕಾರ್ಲ್ಸ್‌ಬ್ಯಾಡ್ ಗುಹೆಗಳು? ಸಿಲ್ವರ್ ಸ್ಪ್ರಿಂಗ್ಸ್ ಚಿತ್ರದಲ್ಲಿ ದೋಣಿಯ ತಳವೇ ಗಾಜು, ಟೋಪಿ ಹಾಕಿಕೊಂಡ ಹತ್ತು ಹದಿನೈದು ಜನ ತಲೆ ಬಗ್ಗಿಸಿ ಕಾಲಿನ ನಡುವೆ ಮೀನು ನೋಡುತ್ತಿದ್ದಾರೆ. ಸೈಪ್ರೆಸ್ ಗಾರ್ಡನ್ಸ್‌ನಲ್ಲಿ ನೆಲ ಗುಡಿಸುವಷ್ಟು ಉದ್ದದ ನಿರಿಗೆ ಲಂಗದ ಹೆಂಗಸರು ಸುಮ್ನೆ ಹುಲ್ಲಿನ ಮೇಲೆ ಕೂತಿದ್ದಾರೆ, ಮುಂದಿನ ಚಿತ್ರದಲ್ಲಿ ನೀರಿನ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ನಿಂತು ಸ್ಕೀ ಮಾಡುತ್ತಿದ್ದಾರೆ. ರೀಲು ಮಾಡಿ ಊರಿಗೆಲ್ಲ ಮಾರುವಷ್ಟು ಹೆಸರಿದ್ದ ಜಾಗಗಳಿವು, ಇಲ್ಲದಿದ್ದರೆ ರೀಲೇ ಮಾಡುತ್ತಿರಲಿಲ್ಲ ಅಲ್ವಾ? ಅದೇ ಈಗ ಎಲ್ಲರ ಬಾಯಲ್ಲಿರುವ ಐಸ್‌ಲ್ಯಾಂಡ್, ಕಾಂಬೋಡಿಯಾದ ಅಂಕೋರ್ ವಾಟ್ ದೇಗುಲ, ಕಾನ್‌ಕುನ್ ಒಂದೂ ಇದರಲ್ಲಿಲ್ಲ.

ಜಾಗ ಕೆಟ್ಟಿತೋ, ಜನ ಬದಲಾದರೋ? ಇದಕ್ಕೇನಾದರೂ ಲೆಕ್ಕಾಚಾರ ಇದೆಯಾ, ಅಥವಾ ಸುಮ್ನೆ ಅದೃಷ್ಟವಾ?

ಹೆದ್ದಾರಿಹುಳ:

ಒಳ್ಳೇ ಡಬ್ಬ ಸಿಕ್ಕಿದೆ ನಿಮಗೆ. ನನ್ನ ಉತ್ತರ ಒಂದೇ ಪದ: ರಸ್ತೆ. ಜಾಗ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಜನ ಹೋಗುವ ದಾರಿಯಲ್ಲಿ ಅದು ಬೀಳುತ್ತದೋ ಇಲ್ಲವೋ ಅನ್ನುವುದೇ ಮುಖ್ಯ.

ನೀವು ಹೇಳಿದ ಸಿಲ್ವರ್ ಸ್ಪ್ರಿಂಗ್ಸ್, ಸೈಪ್ರೆಸ್ ಗಾರ್ಡನ್ಸ್ ಎರಡೂ ಅಮೆರಿಕದ ಫ್ಲೋರಿಡಾದವು. ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ಗಾಜಿನ ತಳದ ದೋಣಿ 1870ರ ದಶಕದಿಂದ ಇದೆ. ಡಿಸ್ನಿ ಬರುವ ಮುಂಚೆ ಆ ರಾಜ್ಯದ ದೊಡ್ಡ ಆಕರ್ಷಣೆಗಳಲ್ಲಿ ಅದೂ ಒಂದು. ಆಗ ಉತ್ತರದಿಂದ ಕಾರಿನಲ್ಲಿ ಬರುವವರು ಹಳೇ ಎರಡು ಪಥದ ರಸ್ತೆಯಲ್ಲಿ ಊರೂರು ದಾಟಿಕೊಂಡು ಬರಬೇಕಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳ ಗಲಾಟೆ, ಮುಂದೆ ಒಂದು ಬೋರ್ಡು: ಮೊಸಳೆ ತೋಟ, ಬುಗ್ಗೆ, ಗಿಳಿ ಕಾಡು. ನಿಲ್ಲಿಸದೆ ವಿಧಿಯೇ ಇಲ್ಲ. ವೀಕಿ ವಾಚೀ ಅಂತ ಇನ್ನೊಂದು ಬುಗ್ಗೆಯಿದೆ, ಅಲ್ಲಿ 1947ರಿಂದ ಮತ್ಸ್ಯಕನ್ಯೆ ವೇಷದ ಹುಡುಗಿಯರು ನೀರಿನಡಿ ಕೊಳವೆಯಿಂದ ಉಸಿರು ತೆಗೆದುಕೊಳ್ಳುತ್ತಾ ಆಟ ತೋರಿಸುತ್ತಾರೆ. ಶುರುವಿನಲ್ಲಿ ಕಾರಿನ ಸದ್ದು ಕೇಳಿದರೆ ಸಾಕು, ಆ ಹುಡುಗಿಯರು ಈಜುಡುಗೆಯಲ್ಲೇ ರಸ್ತೆಗೆ ಓಡಿಬಂದು ಕೈಬೀಸಿ ಕರೆಯುತ್ತಿದ್ದರಂತೆ!

ಆಮೇಲೆ ದೊಡ್ಡ ಅಂತರರಾಜ್ಯ ಹೆದ್ದಾರಿಗಳು ಬಂದವು. ಕಾರು ನಿಲ್ಲದೆ ಸುಯ್ಯನೆ ಹೋಯಿತು. 1971ರ ಅಕ್ಟೋಬರ್‌ನಲ್ಲಿ ಡಿಸ್ನಿ ವರ್ಲ್ಡ್ ತೆರೆಯಿತು. ಮನೆಯವರಿಗೆ ಸಿಗುವುದು ಒಂದು ವಾರ ರಜೆ, ಅದರಲ್ಲಿ ನಾಲ್ಕು ದಿನ ಅಲ್ಲೇ ಕಳೆದರೆ ಬುಗ್ಗೆಗೆ ಯಾರು ಹೋಗುತ್ತಾರೆ? ಸೈಪ್ರೆಸ್ ಗಾರ್ಡನ್ಸ್ 1936ರಲ್ಲಿ ಶುರುವಾದದ್ದು, ಕೈಯಿಂದ ಕೈಗೆ ಹೋಗಿ 2009ರಲ್ಲಿ ಮುಚ್ಚಿತು. 2011ರಿಂದ ಅದೇ ಜಾಗದಲ್ಲಿ ಲೆಗೋಲ್ಯಾಂಡ್ ಇದೆ. ಹಳೇ ತೋಟದ ಒಂದು ಭಾಗವನ್ನು, ದೊಡ್ಡ ಆಲದ ಮರದ ಸಮೇತ, ಹಾಗೇ ಉಳಿಸಿಕೊಂಡಿದ್ದಾರೆ. ಸಿಲ್ವರ್ ಸ್ಪ್ರಿಂಗ್ಸ್ ಈಗ ರಾಜ್ಯದ ಉದ್ಯಾನ, ಗಾಜಿನ ದೋಣಿ ಈಗಲೂ ಓಡುತ್ತದೆ. ಅಂದರೆ ಅವು ಸತ್ತಿಲ್ಲ, ದಾರಿ ತಪ್ಪಿಸಿಕೊಂಡವು ಅಷ್ಟೆ.

ಇದು ಅಮೆರಿಕದ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ತೆಗೆದುಕೊಳ್ಳಿ. 1846ರಲ್ಲಿ ರೈಲು ಬಂತು, ಹತ್ತಿಯ ಗಿರಣಿ ಊರುಗಳು ಬೇಸಿಗೆಯಲ್ಲಿ ಸರದಿಯಂತೆ ಒಂದೊಂದು ವಾರ ಗಿರಣಿ ನಿಲ್ಲಿಸುತ್ತಿದ್ದವು, ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಆ ಕಡಲತೀರಕ್ಕೆ ಹೋಗುತ್ತಿತ್ತು. 1894ರಲ್ಲಿ ಐಫೆಲ್ ನೋಡಿ ಹೊಟ್ಟೆಕಿಚ್ಚಾದವರ ಹಾಗೆ ಒಂದು ಗೋಪುರವನ್ನೂ ಕಟ್ಟಿಕೊಂಡರು. ಆ ಊರಿಗೆ ಏಟು ಬಿದ್ದದ್ದು ವಿಮಾನದಿಂದ. 60-70ರ ದಶಕದಲ್ಲಿ ವಿಮಾನ, ಹೋಟೆಲ್, ಊಟ ಎಲ್ಲಾ ಸೇರಿಸಿದ ಅಗ್ಗದ ಪ್ಯಾಕೇಜ್ ಬಂತು. ಸ್ಪೇನಿನ ಬೆನಿಡಾರ್ಮ್ ಅನ್ನುವ ಮೀನುಗಾರರ ಹಳ್ಳಿ ಹೋಟೆಲ್ ಗೋಪುರಗಳ ಕಾಡಾಯಿತು. ಹತ್ತಿರದ ಅಲಿಕಾಂಟೆ ವಿಮಾನ ನಿಲ್ದಾಣ ತೆರೆದದ್ದು 1967ರಲ್ಲಿ, ದಿನಾಂಕ ನೋಡಿದರೆ ಸಾಕು ಅರ್ಥವಾಗುತ್ತದೆ. ಅದೇ ಕೂಲಿಕಾರ, ಅದೇ ಒಂದು ವಾರ. ಆದರೆ ಬ್ಲ್ಯಾಕ್‌ಪೂಲ್‌ನಲ್ಲಿ ಮಳೆ ಬಂದರೆ ಬಾಡಿಗೆ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂರಬೇಕು, ಬೆನಿಡಾರ್ಮ್‌ನಲ್ಲಿ ಬಿಸಿಲು ಗ್ಯಾರಂಟಿ.

ಬ್ರೋಷರಕ್ಕ:

ರಸ್ತೆ ನಿಜ, ಆದರೆ ಅದು ಅರ್ಧ ಕಥೆ. ಯಾರು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುವವರು ಬೇರೆಯೇ ಇರುತ್ತಾರೆ. ನಾನೇ ಅಂಥವಳಾಗಿದ್ದೆ, ಅದಕ್ಕೆ ಹೇಳುತ್ತಿದ್ದೇನೆ. ಒಂದು ಪ್ರವಾಸ ಕಂಪನಿಯಲ್ಲಿ ಹನ್ನೆರಡು ವರ್ಷ ಗುಂಪು ಪ್ರವಾಸಗಳ ದಿನಚರಿ ಬರೆಯುತ್ತಿದ್ದೆ, ಬ್ರೋಷರ್ ಕೂಡ ನಾನೇ.

ಒಂದು ಜಾಗ ಪಟ್ಟಿಯಿಂದ ಹೇಗೆ ಮಾಯವಾಗುತ್ತದೆ ಗೊತ್ತಾ? ಒಂದೇ ಸಲ ಯಾರೂ ತೆಗೆಯುವುದಿಲ್ಲ. ಮೊದಲು ಬ್ರೋಷರ್‌ನಲ್ಲಿ ‘ಎರಡು ಗಂಟೆ ವೀಕ್ಷಣೆ’ ಅಂತ ಇರುತ್ತದೆ. ಮುಂದಿನ ವರ್ಷ ಪಕ್ಕದ ಊರಿನಲ್ಲಿ ಹೊಸದೇನೋ ತೆರೆಯುತ್ತದೆ, ಇದಕ್ಕೆ 20 ನಿಮಿಷದ ಫೋಟೋ ನಿಲುಗಡೆ. ಅದರ ಮುಂದಿನ ವರ್ಷ ‘ಬಸ್ಸಿನಿಂದಲೇ ನೋಟ’. ಆಮೇಲೆ ‘ಸಮಯವಿದ್ದಲ್ಲಿ’. ‘ಸಮಯವಿದ್ದಲ್ಲಿ’ ಅಂದರೆ ಇಲ್ಲ ಅಂತಲೇ ಅರ್ಥ. ಆಮೇಲೆ ಆ ಸಾಲನ್ನೇ ಅಳಿಸಿದರೆ ಒಬ್ಬರೂ ಕೇಳುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಅದೊಂದು ಜಾಗ ಇತ್ತು ಅಂತ ಗೊತ್ತಿರುವವರೇ ಇರುವುದಿಲ್ಲ. ಹೀಗೆ ನಾನೇ ನಾಲ್ಕೈದು ಜಾಗ ಸಾಯಿಸಿದ್ದೇನೆ. ಅದರಲ್ಲಿ ಒಂದು ನನಗೆ ತುಂಬಾ ಇಷ್ಟವಾದದ್ದು, ಹಳೇ ಮಠವೊಂದರ ಅಂಗಳ, ಬಾವಿಕಟ್ಟೆಯ ಪಕ್ಕ ಒಂದು ದಾಳಿಂಬೆ ಗಿಡ. 45 ಸೀಟಿನ ಬಸ್ಸು ತಿರುಗಿಸಲು ಜಾಗ ಇರಲಿಲ್ಲ, ಶೌಚಾಲಯ ಎರಡೇ ಇತ್ತು. 45 ಜನಕ್ಕೆ ಎರಡು ಶೌಚಾಲಯ ಅಂದರೆ ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಬಿಟ್ಟೆ. ಸೌಂದರ್ಯದ ಬಗ್ಗೆ ಆ ಮೀಟಿಂಗಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಇನ್ನು ರಾಜಕೀಯ, ಯುದ್ಧ. ಅದು ಬಂದರೆ ನಿಧಾನ ಅನ್ನುವ ಮಾತೇ ಇಲ್ಲ, ರಾತ್ರೋರಾತ್ರಿ. ಸೈಪ್ರಸ್ಸಿನ ವರೋಶಾದಲ್ಲಿ ಸಿನಿಮಾ ತಾರೆಯರು ಇಳಿದುಕೊಳ್ಳುವಂಥ ಹೋಟೆಲ್ ಸಾಲು ಇತ್ತು. 1974ರಲ್ಲಿ ಟರ್ಕಿ ಸೇನೆ ಬಂತು, ಜನ ಓಡಿದರು, ಬೇಲಿ ಬಿತ್ತು. ದಶಕಗಟ್ಟಲೆ ಆ ಹೋಟೆಲುಗಳೊಳಗೆ ಗಿಡ ಬೆಳೆಯಿತು. ಯುರೋಪಿನಿಂದ ಇರಾನ್, ಅಫ್ಘಾನಿಸ್ತಾನದ ಮೇಲೆ ಏಷ್ಯಾಗೆ ಬಸ್ಸಿನಲ್ಲಿ ಬರುತ್ತಿದ್ದ ಹಿಪ್ಪಿ ದಾರಿ 1979ರಲ್ಲಿ ನಿಂತಿತು, ಒಂದು ಕಡೆ ಕ್ರಾಂತಿ, ಇನ್ನೊಂದು ಕಡೆ ಸೋವಿಯತ್ ಸೇನೆ. ಉಲ್ಟಾನೂ ಆಗುತ್ತದೆ. ಅಂಕೋರ್ ನಿಮ್ಮ ಡಬ್ಬದಲ್ಲಿ ಇಲ್ಲ ಅಂದಿರಿ. ಅದು ಮೊದಲಿಂದ ಅಜ್ಞಾತವೇನಲ್ಲ, ಫ್ರೆಂಚರ ಕಾಲದಲ್ಲೇ ಜನ ಹೋಗುತ್ತಿದ್ದರು. 1970ರ ನಂತರ ಯುದ್ಧ, ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟರ ಕ್ರೂರ ಆಳ್ವಿಕೆ, ನೆಲಬಾಂಬು. 1992ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಬಂತು. 90ರ ದಶಕದ ಶುರುವಿನಲ್ಲಿ ವರ್ಷಕ್ಕೆ ಕೆಲವೇ ಸಾವಿರ ಜನ, 2010ರ ದಶಕದಲ್ಲಿ 20 ಲಕ್ಷ ದಾಟಿತು. ಕಲ್ಲು ಅದೇ ಕಲ್ಲು.

ಅಕಾಪುಲ್ಕೊ ವಿಷಯ ಬೇರೆ. 50-60ರ ದಶಕದಲ್ಲಿ ಅದು ಹಾಲಿವುಡ್ಡಿನವರ ಬೀಚು, ಕೆನಡಿ ದಂಪತಿ 1953ರಲ್ಲಿ ಮಧುಚಂದ್ರಕ್ಕೆ ಹೋದದ್ದು ಅಲ್ಲಿಗೇ. ಅದಕ್ಕೆ ಪೈಪೋಟಿ ಹುಟ್ಟಿಸಿದ್ದು ಮೆಕ್ಸಿಕೊ ಸರ್ಕಾರವೇ! 1970ರಲ್ಲಿ ಹೆಚ್ಚುಕಡಿಮೆ ಖಾಲಿ ಮರಳದಿಬ್ಬವಾಗಿದ್ದ ಕಾನ್‌ಕುನ್‌ನಲ್ಲಿ ಕೆಲಸ ಶುರು ಮಾಡಿ, 1974ರ ಹೊತ್ತಿಗೆ ಹೋಟೆಲ್ ತೆರೆದರು. ಯೋಜನೆ ಹಾಕಿ ಊರು ಕಟ್ಟಿದ್ದು. ಆಮೇಲೆ ಅಕಾಪುಲ್ಕೊಗೆ ಮಾದಕವಸ್ತು ಗ್ಯಾಂಗುಗಳ ಹಿಂಸೆ, 2023ರಲ್ಲಿ ಓಟಿಸ್ ಚಂಡಮಾರುತ. ಆದರೂ ಬಂಡೆಯಿಂದ ಹಾರುವವರು ಈಗಲೂ ಹಾರುತ್ತಾರೆ.

ಸೆಲ್ಫಿಶೂರ:

ಇಷ್ಟೆಲ್ಲಾ ಉದ್ದ ಬೇಕಾಗಿಲ್ಲ ಗುರು. ಈಗ ಎಲ್ಲಾ ಇನ್‌ಸ್ಟಾಗ್ರಾಂ. ಫೋಟೋ ಚೆನ್ನಾಗಿ ಬಂದರೆ ಹಿಟ್, ಇಲ್ಲ ಅಂದರೆ ಫ್ಲಾಪ್. ನಾರ್ವೆಯ ಟ್ರೋಲ್‌ತುಂಗಾ ಬಂಡೆ ನೋಡಿ, 2010ರ ಸುಮಾರಿಗೆ ವರ್ಷಕ್ಕೆ ನೂರರ ಲೆಕ್ಕದಲ್ಲಿ ಜನ, 2016ರ ಹೊತ್ತಿಗೆ ಹತ್ತಾರು ಸಾವಿರ. ಬಂಡೆ ಮೇಲೆ ಒಬ್ಬನೇ ನಿಂತ ಫೋಟೋ ಹಾಕುತ್ತಾರೆ, ಅವನ ಹಿಂದೆ ಎರಡು ಗಂಟೆ ಕ್ಯೂ ನಿಂತವರು ಫೋಟೋದಲ್ಲಿ ಬರಲ್ಲ 😄

ಲೆಕ್ಕದಪುಸ್ತಕ:

ಸೆಲ್ಫಿಶೂರ, ಕ್ಯೂ ಮಾತು ನಿಜ. ಆದರೆ ‘ಈಗ’ ಅನ್ನುವ ಪದ ತಪ್ಪು. ಚಿತ್ರ ನೋಡಿ ಜನ ಓಡುವುದು ಹೊಸದಲ್ಲ. ಈ ಚರ್ಚೆ ಶುರುವಾದದ್ದೇ ಒಂದು ವ್ಯೂ-ಮಾಸ್ಟರ್‌ನಿಂದ, ಅದು 1939ರ ಇನ್‌ಸ್ಟಾಗ್ರಾಂ ತಾನೆ?

ಸುದ್ದಿಯೂ ಅಷ್ಟೇ. ಮೋನಾಲಿಸಾ 1911ರ ಆಗಸ್ಟ್‌ಗೆ ಮುಂಚೆ ಕಲೆ ಬಲ್ಲವರ ವಲಯದಲ್ಲಿ ದೊಡ್ಡ ಹೆಸರು, ಬೀದಿಯಲ್ಲಿ ಹೋಗುವವರಿಗೆ ಅಷ್ಟೇನೂ ಅಲ್ಲ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ‌ನಲ್ಲಿ ಹಿಂದೆ ಕೆಲಸ ಮಾಡಿದ್ದ ಒಬ್ಬ ಅದನ್ನು ಕದ್ದ. ಪತ್ರಿಕೆಗಳ ಮುಖಪುಟದಲ್ಲೆಲ್ಲಾ ಆ ಮುಖವೇ. ಆಗ ಜನ ಸಾಲುಗಟ್ಟಿ ನಿಂತು ನೋಡಿದ್ದು ಏನನ್ನು ಗೊತ್ತೇ? ಚಿತ್ರ ಇದ್ದ ಖಾಲಿ ಗೋಡೆಯನ್ನು, ಅದರ ಮೊಳೆಗಳನ್ನು. ಎರಡು ವರ್ಷದ ಮೇಲೆ ಚಿತ್ರ ಸಿಕ್ಕಿ ವಾಪಸು ಬಂದಾಗ ಅದು ಬೇರೆಯೇ ಚಿತ್ರವಾಗಿತ್ತು ಅನ್ನಬಹುದು. ಐಸ್‌ಲ್ಯಾಂಡ್ ಕೂಡ ಹಾಗೇ. ಎಲ್ಲರೂ ಫೋಟೋ ಅನ್ನುತ್ತಾರೆ. ಆದರೆ 2008ರಲ್ಲಿ ಅವರ ಬ್ಯಾಂಕುಗಳು ಮುಳುಗಿ ನಾಣ್ಯ ಬಿದ್ದುಹೋಯಿತು, ದುಬಾರಿ ದೇಶ ಇದ್ದಕ್ಕಿದ್ದ ಹಾಗೆ ಕೈಗೆಟುಕಿತು. 2010ರಲ್ಲಿ ಜ್ವಾಲಾಮುಖಿ ಸಿಡಿದು ಯುರೋಪಿನ ವಿಮಾನಗಳೆಲ್ಲಾ ನೆಲಕ್ಕೆ ಇಳಿದವು. ವಾರಗಟ್ಟಲೆ ಪ್ರತಿ ಟಿವಿಯಲ್ಲೂ ಐಸ್‌ಲ್ಯಾಂಡ್, ಅದೂ ಪುಕ್ಕಟೆ. ಆ ವರ್ಷ ಬಂದವರು 5 ಲಕ್ಷಕ್ಕೂ ಕಡಿಮೆ, 2018ರಲ್ಲಿ 23 ಲಕ್ಷದ ಆಸುಪಾಸು. ಆಗ ದೇಶದ ಜನಸಂಖ್ಯೆ ಮೂರೂವರೆ ಲಕ್ಷ ಅಷ್ಟೆ. ವಿಮಾನ ಬಂದ್ ಮಾಡಿದ ಬೂದಿಯೇ ವಿಮಾನ ತುಂಬಿಸಿತು.

ಮೂಲ ಪ್ರಶ್ನೆಗೆ ಬರುತ್ತೇನೆ. ‘ಯಾರೂ ಹೋಗಲ್ವಾ’ ಅಂತ ಕೇಳಿದಿರಿ. ಇಲ್ಲೊಂದು ಮೋಸ ಇದೆ. ಜಗತ್ತಿನಲ್ಲಿ ದೇಶದ ಗಡಿ ದಾಟಿ ಪ್ರವಾಸ ಹೋದವರ ಲೆಕ್ಕ 1950ರಲ್ಲಿ ಸುಮಾರು 2.5 ಕೋಟಿ, 2019ರಲ್ಲಿ 146 ಕೋಟಿ. ಐವತ್ತು ಪಟ್ಟಿಗೂ ಜಾಸ್ತಿ. ಹಾಗಾಗಿ ಒಂದು ಜಾಗಕ್ಕೆ ಆಗ ಬರುತ್ತಿದ್ದಷ್ಟೇ ಜನ ಈಗಲೂ ಬಂದರೂ ಅದು ‘ಮರೆತುಹೋದ’ ಜಾಗ ಅನ್ನಿಸುತ್ತದೆ. ನಯಾಗರ ನೋಡಿ, ಒಂದು ಕಾಲದಲ್ಲಿ ಮಧುಚಂದ್ರ ಅಂದರೆ ನಯಾಗರ. ಈಗ ಅದನ್ನು ಹಳೇ ಫ್ಯಾಷನ್ ಅಂತ ನಗುತ್ತಾರೆ, ಆದರೆ ಹೋಗುವವರು ಆಗಿಗಿಂತ ಎಷ್ಟೋ ಜಾಸ್ತಿ. ಹೆಸರು ಇಳಿಯುವುದು ಬೇರೆ, ಜನ ಇಳಿಯುವುದು ಬೇರೆ.

ನಿಜವಾಗಿ ಜನ ಇಳಿದ ಉದಾಹರಣೆ ನಿಮ್ಮ ಡಬ್ಬದಲ್ಲೇ ಇದೆ, ಕಾರ್ಲ್ಸ್‌ಬ್ಯಾಡ್. 1970ರ ದಶಕದಲ್ಲಿ ವರ್ಷಕ್ಕೆ 8 ಲಕ್ಷ ದಾಟಿದ್ದು ಈಗ ಅದರ ಅರ್ಧದ ಆಜುಬಾಜು. ಗುಹೆ ಒಂದಿಷ್ಟೂ ಕೆಟ್ಟಿಲ್ಲ. 750 ಅಡಿ ಕೆಳಕ್ಕೆ ಲಿಫ್ಟ್ ಇದೆ, ನೆಲದೊಳಗೇ ಊಟದ ಕೋಣೆ ಇದೆ. ಸಂಜೆ ಲಕ್ಷಗಟ್ಟಲೆ ಬಾವಲಿಗಳು ಹೊಗೆಯಂತೆ ಸುತ್ತುತ್ತಾ ಮೇಲೇಳುತ್ತವೆ, ಅದನ್ನು ನೋಡಲು ಕಲ್ಲಿನ ಮೆಟ್ಟಿಲ ಸಾಲೇ ಕಟ್ಟಿದ್ದಾರೆ.

ಇನ್ನು ಲೆಕ್ಕಾಚಾರ. ರಿಚರ್ಡ್ ಬಟ್ಲರ್ ಅನ್ನುವ ಭೂಗೋಳ ತಜ್ಞ 1980ರಲ್ಲಿ ಪ್ರವಾಸಿ ತಾಣಗಳ ಏಳುಬೀಳಿಗೆ ಒಂದು ರೇಖೆ ಎಳೆದರು. ಮೊದಲು ನಾಲ್ಕು ಜನ ಅಲೆಮಾರಿಗಳು ಹುಡುಕಿಕೊಂಡು ಬರುತ್ತಾರೆ, ಊರಿನವರು ಕೋಣೆ ಬಾಡಿಗೆಗೆ ಕೊಡುತ್ತಾರೆ, ಹೊರಗಿನ ಬಂಡವಾಳ ಬರುತ್ತದೆ, ಜಾಗ ತುಂಬಿ ತುಳುಕುತ್ತದೆ, ಆಮೇಲೆ ನಿಂತ ನೀರು. ಅಲ್ಲಿಂದ ಮುಂದೆ ಇಳಿಜಾರು ಅಥವಾ ಹೊಸ ಹುಟ್ಟು. ಪಾಠ ಮಾಡಲು ಚೆನ್ನಾಗಿದೆ. ಆದರೆ ನನಗೆ ಪೂರ್ತಿ ನಂಬಿಕೆ ಇಲ್ಲ, ಯಾಕೆಂದರೆ ಐಫೆಲ್ ಗೋಪುರವೇ ಆ ರೇಖೆಗೆ ಬಗ್ಗುವುದಿಲ್ಲ. 1889ರ ಪ್ಯಾರಿಸ್ ವಿಶ್ವ ಮೇಳದ ವರ್ಷ 20 ಲಕ್ಷದ ಹತ್ತಿರ ಜನ ಹತ್ತಿದರು. ಹತ್ತು ವರ್ಷದಲ್ಲಿ ಅದು 2 ಲಕ್ಷಕ್ಕಿಂತ ಕೆಳಗೆ ಬಿತ್ತು. ಅವತ್ತು ಯಾರಾದರೂ ‘ಮುಗೀತು ಇದರ ಕಥೆ’ ಅಂದಿದ್ದರೆ ತಪ್ಪು ಹೇಳುವ ಹಾಗಿರಲಿಲ್ಲ. ಪರವಾನಗಿ ಇದ್ದದ್ದೂ 20 ವರ್ಷಕ್ಕೆ ಮಾತ್ರ, 1909ಕ್ಕೆ ಬಿಚ್ಚಬಹುದಿತ್ತು. ಅದನ್ನು ಉಳಿಸಿದ್ದು ರೇಡಿಯೊ ಅಂಟೆನಾ, ಪ್ರವಾಸಿಗರಲ್ಲ. ಈಗ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು.

ಹೆದ್ದಾರಿಹುಳ:

ಕಾರ್ಲ್ಸ್‌ಬ್ಯಾಡ್ ನನ್ನ ಕಡೆಗೇ ಸಾಕ್ಷಿ ಹೇಳುತ್ತದೆ ಸಾರ್! ನ್ಯೂ ಮೆಕ್ಸಿಕೊದ ಮೂಲೆಯಲ್ಲಿ, ದೊಡ್ಡ ಊರು ಯಾವುದೂ ಹತ್ತಿರ ಇಲ್ಲ. ಕಾರಿನಲ್ಲಿ ಎರಡು ಮೂರು ವಾರ ದೇಶ ಸುತ್ತುವವರ ಕಾಲದಲ್ಲಿ ಅದು ದಾರಿಯಲ್ಲಿ ಸಿಗುತ್ತಿತ್ತು. ವಿಮಾನದಲ್ಲಿ ಹಾರಿ ನಾಲ್ಕು ದಿನಕ್ಕೆ ವಾಪಸು ಬರುವವರಿಗೆ ಸಿಗುವುದಿಲ್ಲ. ಬಟ್ಲರ್ ರೇಖೆ ಬಿಟ್ಟು ನಕ್ಷೆ ತೆಗೆಯಿರಿ.

ಲೆಕ್ಕದಪುಸ್ತಕ:

ಹಾಗಿದ್ದರೆ ಸ್ಪೇನಿನ ಬಿಲ್ಬಾವ್? ಮುಳುಗುತ್ತಿದ್ದ ಉಕ್ಕು, ಹಡಗುಕಟ್ಟೆಯ ಊರು. ಹೊಸ ರಸ್ತೆಯಿಂದ ಅಲ್ಲ, 1997ರಲ್ಲಿ ಒಂದು ಮ್ಯೂಸಿಯಂ ಕಟ್ಟಡ ತೆರೆದು ಮೊದಲ ವರ್ಷವೇ 10 ಲಕ್ಷಕ್ಕೂ ಹೆಚ್ಚು ಜನ ಬಂದರು. ಫ್ರಾಂಕ್ ಗೆಹ್ರಿ ವಿನ್ಯಾಸ, ಟೈಟಾನಿಯಂ ಹೊದಿಕೆ. ಅದನ್ನು ನೋಡಿ ಎಷ್ಟೋ ಊರುಗಳು ಅಂಥದ್ದೇ ವಿಚಿತ್ರ ಕಟ್ಟಡ ಕಟ್ಟಿ ಕೈಸುಟ್ಟುಕೊಂಡವು ಅನ್ನುವುದು ಬೇರೆ ಮಾತು.

(ವಿಮಾನ ನಿಲ್ದಾಣ, ಮೆಟ್ರೊ ಕೂಡ ಅದೇ ಕಾಲದಲ್ಲಿ ಸುಧಾರಿಸಿದ್ದರು ಅಂತ ನೀವು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ.)

ರಾತ್ರಿಪಾಳಿ:

ಯಾರೂ ರುಚಿಯ ಮಾತು ಎತ್ತಲೇ ಇಲ್ಲವಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ ನೋಡಲು ಹೋದವರು ತಪ್ಪದೆ ನೋಡುತ್ತಿದ್ದ ಜಾಗಗಳಲ್ಲಿ ಒಂದು ಶವಾಗಾರ! ನಿಜವಾಗಿ. ಗುರುತು ಸಿಗದ ಹೆಣಗಳನ್ನು ಗಾಜಿನ ಹಿಂದೆ ಇಡುತ್ತಿದ್ದರು, ಯಾರಾದರೂ ಗುರುತು ಹಿಡಿಯಲಿ ಅಂತ. ಗುರುತು ಹಿಡಿಯುವವರು ಬೆರಳೆಣಿಕೆ, ಉಳಿದವರೆಲ್ಲಾ ಮಕ್ಕಳ ಸಮೇತ ನೋಡಲು ಬರುವವರು. ಪ್ರವೇಶ ಉಚಿತ. ಗೈಡ್ ಪುಸ್ತಕಗಳಲ್ಲಿ ಹೆಸರು ಇರುತ್ತಿತ್ತು. 1907ರಲ್ಲಿ ಜನರಿಗೆ ಬಾಗಿಲು ಹಾಕಿದರು. ಅದೇ ಊರಿನ ಚರಂಡಿ ಸುರಂಗ ನೋಡುವ ಪ್ರವಾಸ 1867ರ ಸುಮಾರಿಗೆ ಶುರುವಾದದ್ದು, ಈಗಲೂ ಇದೆ. ಹೆಣ ಬೇಡವಾಯಿತು, ಚರಂಡಿ ಉಳಿಯಿತು. ಇದಕ್ಕೆ ಯಾವ ರೇಖೆ ಎಳೆಯುತ್ತೀರೋ ಎಳೆಯಿರಿ.

ಹಿಮದಮೆಟ್ಟಿಲು:

ಜಾಗವೇ ಉಳಿಯದಿದ್ದರೆ? ನಾನು ಕೆಲವು ವರ್ಷದ ಹಿಂದೆ ಫ್ರೆಂಚ್ ಆಲ್ಪ್ಸ್‌ನಲ್ಲಿ ಮೇರ್ ದ ಗ್ಲಾಸ್ ಹಿಮನದಿಗೆ ಹೋಗಿದ್ದೆ. ಹೆಸರಿನ ಅರ್ಥ ಹಿಮದ ಸಮುದ್ರ. ಅಲ್ಲಿಗೆ ಹಲ್ಲುಚಕ್ರದ ಪುಟ್ಟ ಕೆಂಪು ರೈಲು, 1909ರದ್ದು. ರೈಲು ಬಂದ ಕಾಲದಲ್ಲಿ ನಿಲ್ದಾಣದಿಂದ ಸ್ವಲ್ಪ ಇಳಿದರೆ ಹಿಮ. ಹಿಮ ಕೆಳಗೆ ಹೋಗುತ್ತಾ ಬಂತು ಅಂತ 1988ರಲ್ಲಿ ತೊಟ್ಟಿಲಿನಂಥ ಒಂದು ಕೇಬಲ್ ಕಾರ್ ಹಾಕಿದರಂತೆ, ಆಗ ಅದರಿಂದ ಇಳಿದು ಮೂರು ಮೆಟ್ಟಿಲು ಇಟ್ಟರೆ ಸಾಕಿತ್ತು. ನಾನು ಹೋದಾಗ 500ಕ್ಕೂ ಹೆಚ್ಚು ಕಬ್ಬಿಣದ ಮೆಟ್ಟಿಲು. ಇಳಿಯುವಾಗ ಪಕ್ಕದ ಬಂಡೆಗೆ ಫಲಕ ಹೊಡೆದಿದ್ದಾರೆ, ಈ ವರ್ಷ ಹಿಮ ಇಷ್ಟಿತ್ತು, ಆ ವರ್ಷ ಅಷ್ಟಿತ್ತು ಅಂತ. ನಾನು ಕೆಲಸಕ್ಕೆ ಸೇರಿದ ವರ್ಷದ ಹತ್ತಿರ ನಿಂತು ಕೆಳಗೆ ನೋಡಿದರೆ ಹಿಮ ಇನ್ನೂ ಎಲ್ಲೋ ಪಾತಾಳದಲ್ಲಿ, ಅದೂ ಬೂದು ಬಣ್ಣ, ಮೇಲೆಲ್ಲಾ ಕಲ್ಲುಪುಡಿ. ಒಳಗೆ ಕೊರೆದ ಹಿಮಗುಹೆ ಕರಗದಿರಲಿ ಅಂತ ಬಿಳಿ ಬಟ್ಟೆ ಹೊದಿಸಿದ್ದರು. ಹತ್ತಿ ಬರುವಾಗ ಮೊಣಕಾಲು ಬಿದ್ದುಹೋಯಿತು ಬಿಡಿ.

ವಿಚಿತ್ರ ಏನು ಅಂದರೆ, ಜನ ಕಡಿಮೆ ಇರಲಿಲ್ಲ. ಕರಗುತ್ತಿದೆ ಅಂತಲೇ ಬರುತ್ತಾರೆ. ನಾನೂ ಅದಕ್ಕೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಬೊಲಿವಿಯಾದ ಚಕಲ್ತಾಯ ಅಷ್ಟು ಅದೃಷ್ಟ ಮಾಡಿರಲಿಲ್ಲ, ಜಗತ್ತಿನಲ್ಲೇ ಎತ್ತರದ ಸ್ಕೀ ತಾಣ ಅಂತಿದ್ದರು, 2009ಕ್ಕೆ ಹಿಮನದಿ ಪೂರ್ತಿ ಹೋಯಿತು. ಬ್ರೆಜಿಲ್-ಪರಾಗ್ವೆ ಗಡಿಯ ಗ್ವಾಯಿರಾ ಜಲಪಾತ ಇತೈಪು ಅಣೆಕಟ್ಟಿನಲ್ಲಿ 1982ರಲ್ಲಿ ಮುಳುಗಿತು. ಮುಳುಗುವ ಮುಂಚೆ ಕೊನೆಯ ಸಲ ನೋಡೋಣ ಅಂತ ಜನ ನುಗ್ಗಿ ತೂಗುಸೇತುವೆ ಹರಿದು ಬಿದ್ದು ಎಷ್ಟೋ ಜನ ಸತ್ತರು. ಆಸ್ಟ್ರೇಲಿಯಾದ ಉಲುರು ಬಂಡೆ ಹತ್ತುವುದು ಅಲ್ಲಿಯ ಅನಂಗು ಜನರಿಗೆ ಇಷ್ಟವಿರಲಿಲ್ಲ. ಹತ್ತುವವರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದರು. 2019ರ ಅಕ್ಟೋಬರ್‌ನಿಂದ ಬಂದ್ ಅಂತ ಘೋಷಿಸಿದ ಮೇಲೆ ಮತ್ತೆ ಇರುವೆ ಸಾಲಿನ ಹಾಗೆ ಕ್ಯೂ.

ಮುಚ್ಚಿಯೂ ಜನ ಬರುವುದು ಫ್ರಾನ್ಸಿನ ಲಾಸ್ಕೋ ಗುಹೆಗೆ. 1948ರಲ್ಲಿ ತೆರೆದರು, ದಿನಕ್ಕೆ ಸಾವಿರಕ್ಕೂ ಹೆಚ್ಚು ಜನರ ಉಸಿರಿಗೇ ಸಾವಿರಾರು ವರ್ಷದ ಚಿತ್ರಗಳ ಮೇಲೆ ಪಾಚಿ ಹಿಡಿಯಿತು, 1963ರಲ್ಲಿ ಮುಚ್ಚಿದರು. 1983ರಿಂದ ಪಕ್ಕದಲ್ಲೇ ನಕಲು ಗುಹೆ ತೋರಿಸುತ್ತಾರೆ. ನಕಲು ಅಂತ ಗೊತ್ತಿದ್ದೂ ಜನ ಹೋಗುತ್ತಾರೆ.

ಬ್ರೋಷರಕ್ಕ:

ನಕಲು ಗುಹೆಗೆ ಬಸ್ ಪಾರ್ಕಿಂಗ್ ಎಷ್ಟು ಚೆನ್ನಾಗಿದೆ ನೋಡಿದ್ದೀರಾ 🙂

ಅಟ್ಟದಡಬ್ಬ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಬ್ರೋಷರಕ್ಕ, ಆ ದಾಳಿಂಬೆ ಗಿಡದ ಅಂಗಳ ಎಲ್ಲಿದೆ ಅಂತ ಕೇಳಬೇಕು ಅನ್ನಿಸಿತು, ಆಮೇಲೆ ಕೇಳದಿರುವುದೇ ಒಳ್ಳೆಯದು ಅನ್ನಿಸಿತು.

ನಿನ್ನೆ ರಾತ್ರಿ ಮಗಳ ಜೊತೆ ಕೂತು ಎಲ್ಲಾ ರೀಲು ಮತ್ತೆ ನೋಡಿದೆ. ಒಂದು ರೀಲಿನ ನಡುವಿನ ಅಕ್ಷರ ಪೂರ್ತಿ ಅಳಿಸಿಹೋಗಿದೆ, ಯಾವ ಊರು ಅಂತ ಗೊತ್ತಾಗುತ್ತಿಲ್ಲ. ಮೊದಲ ಚಿತ್ರಗಳಲ್ಲಿ ದೊಡ್ಡ ದೊಡ್ಡ ಬೋಳು ಬಂಡೆಗಳು, ಉದ್ದನೆಯ ಜಲಪಾತ, ಭಾರೀ ಮರಗಳು. ಕೊನೆಯ ಚಿತ್ರ ಮಾತ್ರ ಕಗ್ಗತ್ತಲು. ಮಧ್ಯದಲ್ಲಿ ಮೇಲಿಂದ ಕೆಳಕ್ಕೆ ಒಂದು ಕೆಂಪು ಗೆರೆ, ಕೆಂಡ ಸುರಿದ ಹಾಗೆ, ಕೆಳಗೆ ಹೋಗುತ್ತಾ ತೆಳ್ಳಗಾಗಿದೆ. ಜ್ವಾಲಾಮುಖಿ ಇರಬೇಕು ಅಂದುಕೊಂಡೆ. ಯಾರಿಗಾದರೂ ಗೊತ್ತಾ?

ಹೆದ್ದಾರಿಹುಳ:

ಜ್ವಾಲಾಮುಖಿ ಅಲ್ಲ! ಅದು ಯೊಸೆಮಿಟಿ, ಕ್ಯಾಲಿಫೋರ್ನಿಯಾ. ನೀವು ‘ಕೆಂಡ ಸುರಿದ ಹಾಗೆ’ ಅಂದದ್ದು ಅಕ್ಷರಶಃ ನಿಜ, ಅದು ಕೆಂಡವೇ. ಗ್ಲೇಸಿಯರ್ ಪಾಯಿಂಟ್ ಅಂತ ಸುಮಾರು 3,000 ಅಡಿ ಎತ್ತರದ ಬಂಡೆ ಇದೆ. ಅದರ ತುದಿಯಲ್ಲಿ ಹಗಲಿಡೀ ಮರದ ತೊಗಟೆ ಉರಿಸಿ, ಬೇಸಿಗೆಯ ರಾತ್ರಿ 9 ಗಂಟೆಗೆ ಕೆಂಡವನ್ನೆಲ್ಲಾ ಉದ್ದ ಕೋಲಿನ ಸಲಿಕೆಯಿಂದ ನಿಧಾನವಾಗಿ ಅಂಚಿನಾಚೆ ತಳ್ಳುತ್ತಿದ್ದರು. ಕಣಿವೆಯಲ್ಲಿ ದೀಪ ಆರಿಸಿ ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಬೆಂಕಿಯ ಜಲಪಾತ. 1870ರ ದಶಕದಲ್ಲಿ ಒಬ್ಬ ಹೋಟೆಲಿನವನು ಶುರು ಮಾಡಿದ್ದು, ನಡುವೆ ನಿಂತು ನಿಂತು ನಡೆದು, 1968ರ ಜನವರಿಯಲ್ಲಿ ಉದ್ಯಾನದವರೇ ನಿಲ್ಲಿಸಿದರು. ಇದು ನಿಸರ್ಗದ್ದಲ್ಲ, ಮನುಷ್ಯ ಮಾಡಿದ ತಮಾಷೆ ಅನ್ನುವುದು ಒಂದು ಕಾರಣ. ನೋಡಲು ಬಂದ ಜನ ಕಣಿವೆಯ ಹುಲ್ಲುಗಾವಲು ತುಳಿದು ಹಾಳು ಮಾಡುತ್ತಿದ್ದಾರೆ ಅನ್ನುವುದು ಇನ್ನೊಂದು.

ಲೆಕ್ಕದಪುಸ್ತಕ:

ಅದರ ಎರಡನೇ ಭಾಗ ನಾನು ಹೇಳುತ್ತೇನೆ. ಅದೇ ಕಣಿವೆಯಲ್ಲಿ ಹಾರ್ಸ್‌ಟೇಲ್ ಅಂತ ಒಂದು ಸಣಕಲು ಜಲಪಾತ ಇದೆ, ವರ್ಷದ ಬಹುಪಾಲು ಯಾರೂ ತಿರುಗಿ ನೋಡುವುದಿಲ್ಲ. ಫೆಬ್ರವರಿಯ ಎರಡನೇ ಅರ್ಧದಲ್ಲಿ ಸೂರ್ಯ ಮುಳುಗುವಾಗ, ಮೋಡ ಇಲ್ಲದಿದ್ದರೆ, ನೀರು ಇದ್ದರೆ, ಹತ್ತು ನಿಮಿಷ ಅದು ಕಿತ್ತಳೆ ಕೆಂಪಾಗಿ ಉರಿಯುತ್ತದೆ. 1973ರಲ್ಲಿ ಗೇಲನ್ ರೋವೆಲ್ ತೆಗೆದ ಒಂದು ಫೋಟೋದಿಂದ ಹೆಸರಾಯಿತು. ಇಂಟರ್ನೆಟ್ ಬಂದ ಮೇಲೆ ಕೇಳಬೇಡಿ, ಒಂದೊಂದು ಸಂಜೆಗೆ ಸಾವಿರಾರು ಜನ. ಈಗ ಆ ದಿನಗಳಲ್ಲಿ ಗಾಡಿ ನಿಲ್ಲಿಸಲು ನಿರ್ಬಂಧ, ಕೆಲವು ವರ್ಷ ಮೊದಲೇ ಬುಕ್ಕಿಂಗ್ ಕೂಡ ಮಾಡಿಸಬೇಕಾಯಿತು. ಕಾರಣ ಊಹಿಸಿ ನೋಡೋಣ. ಹುಲ್ಲು ತುಳಿಯುತ್ತಾರೆ, ನದಿದಂಡೆ ಕುಸಿಯುತ್ತದೆ ಅಂತ.

ಸೆಲ್ಫಿಶೂರ:

ಅಂದರೆ ಫೋಟೋನೇ ಅಂತ ಒಪ್ಪಿಕೊಂಡ ಹಾಗಾಯ್ತಲ್ಲ 😎

ಅಟ್ಟದಡಬ್ಬ:

ಅಯ್ಯೋ, ಜ್ವಾಲಾಮುಖಿ ಅಂತ ಮಗಳಿಗೆ ಅರ್ಧ ಗಂಟೆ ವಿವರಿಸಿದ್ದೆ, ಲಾವಾ ಹೇಗೆ ಹರಿಯುತ್ತದೆ ಅಂತ ಚಿತ್ರ ಬೇರೆ ಬಿಡಿಸಿ ಕೊಟ್ಟಿದ್ದೆ. ಅದನ್ನು ಶಾಲೆಗೆ ತೆಗೆದುಕೊಂಡು ಹೋಗಿದ್ದಾಳೆ. ಸಂಜೆ ಬರಲಿ.